ರಸ್ತೆಯಲ್ಲಿ ಕಾರು ನಿಲ್ಲಿಸಿ ನಾಯಿ ಕರೆಸಿದರೆ? ಅಮೆರಿಕದ ಕಾನೂನು ಹೇಳುವುದೇನು

ಅಮೆರಿಕಕ್ಕೆ ಓದಲು, ಕೆಲಸಕ್ಕೆ ಹೋದ ನಮ್ಮ ಹುಡುಗ ಹುಡುಗಿಯರು ಬೇಗನೆ ಕಾರು ಕೊಳ್ಳುತ್ತಾರೆ. ಬಸ್ಸು, ರೈಲು ನಂಬಿ ಬದುಕಲು ಆಗದ ಊರುಗಳೇ ಅಲ್ಲಿ ಜಾಸ್ತಿ. ಕಾರು ಬಂದ ಮೇಲೆ ಯಾವತ್ತೋ ಒಂದು ದಿನ ಹಿಂದಿನಿಂದ ಕೆಂಪು ನೀಲಿ ದೀಪ ಮಿನುಗುತ್ತದೆ. ವೇಗ ಸ್ವಲ್ಪ ಹೆಚ್ಚಾಗಿರುತ್ತದೆ, ಇಲ್ಲವೇ ಹಿಂದಿನ ಲೈಟು ಕೆಟ್ಟಿರುತ್ತದೆ. ಸಾಮಾನ್ಯವಾಗಿ ಪೊಲೀಸರು ಟಿಕೆಟ್ ಕೊಟ್ಟು ಕಳಿಸುತ್ತಾರೆ. ಕೆಲವು ಸಲ ಮಾತ್ರ ಇನ್ನೊಂದು ಪೊಲೀಸ್ ಗಾಡಿ ಬಂದು ನಿಲ್ಲುತ್ತದೆ. ಅದರಿಂದ ಒಂದು ನಾಯಿ ಇಳಿದು ಕಾರಿನ ಸುತ್ತ ಮೂಸುತ್ತಾ ಬರುತ್ತದೆ.

ಹೀಗೆ ಮಾಡಲು ಅವರಿಗೆ ಅಧಿಕಾರ ಇದೆಯಾ? ನಾಯಿಯನ್ನು ಕಾರಿನ ಹೊರಗೆ ಸುತ್ತಾಡಿಸಲು, ಅಮೆರಿಕದ ಸುಪ್ರೀಂ ಕೋರ್ಟ್ ಪ್ರಕಾರ, ವಾರಂಟ್ ಬೇಕಿಲ್ಲ. ಡ್ರಗ್ಸ್ ಇದೆ ಎಂಬ ಅನುಮಾನವೂ ಬೇಕಿಲ್ಲ. ಆದರೆ ನಾಯಿಗೋಸ್ಕರ ನಿಮ್ಮನ್ನು ಇನ್ನಷ್ಟು ಹೊತ್ತು ನಿಲ್ಲಿಸಿಕೊಳ್ಳಬೇಕಾದರೆ ಕಾರಣ ಬೇಕು. ಕೋರ್ಟಿಗೆ ಹೋಗುವ ಜಗಳಗಳಲ್ಲಿ ಬಹಳಷ್ಟು ಈ 'ಇನ್ನಷ್ಟು ಹೊತ್ತು' ಎಂಬುದರ ಮೇಲೇ ನಿಂತಿವೆ.

## ಬುಡದಿಂದ ಶುರು ಮಾಡೋಣ

ಅಮೆರಿಕದ ಸಂವಿಧಾನಕ್ಕೆ 1791ರಲ್ಲಿ ಹತ್ತು ತಿದ್ದುಪಡಿಗಳು ಒಟ್ಟಿಗೆ ಸೇರಿದವು. ಅವುಗಳಲ್ಲಿ ನಾಲ್ಕನೆಯದು ಈ ವಿಷಯದ ತಾಯಿಬೇರು. ಸರಿಯಾದ ಕಾರಣವಿಲ್ಲದೆ ಸರ್ಕಾರ ಜನರ ಮೈ, ಮನೆ, ಕಾಗದಪತ್ರ, ಸಾಮಾನು ಯಾವುದನ್ನೂ ಶೋಧಿಸುವಂತಿಲ್ಲ, ವಶಕ್ಕೆ ತೆಗೆದುಕೊಳ್ಳುವಂತಿಲ್ಲ ಎಂದು ಅದು ಹೇಳುತ್ತದೆ. ಕಾರನ್ನು ತಡೆದು ನಿಲ್ಲಿಸುವುದೂ ಒಂದು ಬಗೆಯ ವಶವೇ. ಡ್ರೈವರ್ ಮಾತ್ರವಲ್ಲ, ಪಕ್ಕದಲ್ಲಿ ಕೂತವರೂ ಹಾಗೆ ವಶದಲ್ಲಿದ್ದಂತೆ ಎಂದು 2007ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಇಲ್ಲಿ ಎರಡು ಅಳತೆಗೋಲು ಗೊತ್ತಿರಬೇಕು. ಮೊದಲನೆಯದು ಪ್ರಾಬಬಲ್ ಕಾಸ್. ಹುಡುಕಿದರೆ ಇಲ್ಲಿ ಅಪರಾಧದ ಪುರಾವೆ ಸಿಗಬಹುದು ಎಂದು ನಂಬಲು ಗಟ್ಟಿ ಕಾರಣ ಇರುವುದು. ಎರಡನೆಯದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು, ರೀಸನಬಲ್ ಸಸ್ಪಿಶನ್. ಕಂಡ, ಕೇಳಿದ ಸಂಗತಿಗಳನ್ನು ಬಿಡಿಸಿ ಹೇಳಬಲ್ಲಂಥ ಅನುಮಾನ ಅದು. 'ಯಾಕೋ ಸರಿಯಿಲ್ಲ ಅನ್ನಿಸಿತು' ಎಂದರೆ ನಡೆಯುವುದಿಲ್ಲ. ಮೊದಲನೆಯದಿದ್ದರೆ ಕಾರನ್ನು ಶೋಧಿಸಬಹುದು. ಎರಡನೆಯದಿದ್ದರೆ ವ್ಯಕ್ತಿಯನ್ನು ಸ್ವಲ್ಪ ಹೊತ್ತು ತಡೆದು ವಿಚಾರಿಸಬಹುದು, ಅಷ್ಟೇ.

ಇನ್ನೊಂದು ನಿಯಮವೂ ಇದೆ. ಪೊಲೀಸರು ಈ ತಿದ್ದುಪಡಿಯನ್ನು ಮುರಿದು ಪುರಾವೆ ಹಿಡಿದರೆ, ಕೋರ್ಟು ಸಾಮಾನ್ಯವಾಗಿ ಆ ಪುರಾವೆಯನ್ನು ಹೊರಗಿಡುತ್ತದೆ. 1914ರಲ್ಲಿ ಕೇಂದ್ರದ ಪ್ರಕರಣಗಳಿಗೆ, 1961ರಲ್ಲಿ ರಾಜ್ಯಗಳಿಗೂ ಈ ನಿಯಮ ಬಂತು. ಕಾರಿನಲ್ಲಿ ಕಿಲೋಗಟ್ಟಲೆ ಸಿಕ್ಕರೂ ಆರೋಪಿ ಬಿಡುಗಡೆಯಾಗಬಹುದು. ಹಾಗಾಗಿಯೇ ವಕೀಲರು ಒಂದೊಂದು ನಿಮಿಷವನ್ನೂ ಹಿಡಿದು ವಾದಿಸುತ್ತಾರೆ.

ಇನ್ನು ಕಾರು ನಿಲ್ಲಿಸುವ ವಿಷಯ. ಪೊಲೀಸರ ಮನಸ್ಸಿನಲ್ಲಿ ಡ್ರಗ್ಸ್ ಹುಡುಕುವ ಉದ್ದೇಶವೇ ಇರಲಿ, ಚಿಕ್ಕದೊಂದು ಸಂಚಾರ ನಿಯಮ ನಿಜವಾಗಿ ಮುರಿದಿದ್ದರೆ ನಿಲ್ಲಿಸುವುದು ಸಿಂಧು. ರೆನ್ ಪ್ರಕರಣದಲ್ಲಿ 1996ರಲ್ಲಿ ಬಂದ ತೀರ್ಪು ಇದು. ಸಿಗ್ನಲ್ ಹಾಕದೆ ಲೇನ್ ಬದಲಿಸಿದರೂ ಸಾಕು. ಇಡೀ ದಿನ ಒಂದೂ ನಿಯಮ ಮುರಿಯದೆ ಕಾರು ಓಡಿಸುವವರು ಎಷ್ಟು ಜನ ಇದ್ದಾರೆ ಹೇಳಿ. ಪೊಲೀಸರಿಗೆ ಇದರಿಂದ ಸಿಕ್ಕ ಸಲುಗೆ ದೊಡ್ಡದು.

## ಕಾರಿಗೆ ವಾರಂಟ್ ಯಾಕೆ ಬೇಡ?

ಮನೆ ಶೋಧಿಸಲು ನ್ಯಾಯಾಧೀಶರಿಂದ ವಾರಂಟ್ ತರಬೇಕು. ಕಾರಿಗೆ ಹಾಗಿಲ್ಲ. ಈ ವಿನಾಯಿತಿ ಹುಟ್ಟಿದ್ದು ಮದ್ಯಪಾನ ನಿಷೇಧದ ಕಾಲದಲ್ಲಿ. ಮಿಷಿಗನ್ ರಾಜ್ಯದಲ್ಲಿ ಡೆಟ್ರಾಯಿಟ್ ಮತ್ತು ಗ್ರ್ಯಾಂಡ್ ರ‍್ಯಾಪಿಡ್ಸ್ ನಡುವಿನ ರಸ್ತೆಯಲ್ಲಿ ಅಧಿಕಾರಿಗಳು ಒಂದು ಕಾರನ್ನು ತಡೆದರು. ಸೀಟಿನ ಒಳಮೈ ಕಿತ್ತು ನೋಡಿದರೆ 68 ಬಾಟಲಿ ಮದ್ಯ. 1925ರ ಕ್ಯಾರೊಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಶೋಧವನ್ನು ಒಪ್ಪಿತು. ವಾರಂಟ್ ತರುವಷ್ಟರಲ್ಲಿ ಕಾರು ಊರು ಬಿಟ್ಟಿರುತ್ತದೆ, ಆದ್ದರಿಂದ ಗಟ್ಟಿ ಕಾರಣ ಇದ್ದರೆ ವಾರಂಟ್ ಇಲ್ಲದೆಯೂ ಹುಡುಕಬಹುದು ಎಂದಿತು.

ಇಲ್ಲಿ ಬಿಟ್ಟುಕೊಟ್ಟಿದ್ದು ವಾರಂಟನ್ನು ಮಾತ್ರ, ಗಟ್ಟಿ ಕಾರಣವನ್ನಲ್ಲ. ಆ ಗಟ್ಟಿ ಕಾರಣವನ್ನು ಒದಗಿಸುವ ಕೆಲಸವನ್ನೇ ಈಗ ನಾಯಿ ಮಾಡುತ್ತಿದೆ. ನಾಯಿ 'ಇದೆ' ಎಂದು ಸೂಚಿಸಿತೆಂದರೆ ಡಿಕ್ಕಿ ತೆರೆಯಬಹುದು, ಸೀಟಿನ ಕೆಳಗೆ ಕೈ ಹಾಕಬಹುದು. ಡ್ರಗ್ಸ್ ಹಿಡಿಸುವಂಥ ಬ್ಯಾಗನ್ನೂ ಬಿಚ್ಚಬಹುದು, ಅದು ಜೊತೆಗೆ ಬಂದ ಸ್ನೇಹಿತರ ಬ್ಯಾಗಾದರೂ ಸರಿ. ಆದರೆ ಕಾರಿನಲ್ಲಿ ಕೂತಿದ್ದರು ಎಂಬ ಒಂದೇ ಕಾರಣಕ್ಕೆ ಜನರ ಜೇಬು ತಡಕುವಂತಿಲ್ಲ. ಅದಕ್ಕೆ ಬೇರೆಯೇ ಆಧಾರ ಬೇಕು.

## ಮೂಸುವುದು ಶೋಧ ಅಲ್ವಾ?

ಸಾಮಾನ್ಯ ಬುದ್ಧಿಗೆ ಇದು ಶೋಧವೇ ಅನ್ನಿಸುತ್ತದೆ. ಮುಚ್ಚಿದ ಡಿಕ್ಕಿಯೊಳಗೆ ಏನಿದೆ ಎಂದು ತಿಳಿಯಲೆಂದೇ ನಾಯಿ ತಂದಿರುತ್ತಾರೆ. ಆದರೆ ಕೋರ್ಟು ಬೇರೆ ದಾರಿ ಹಿಡಿಯಿತು.

ನ್ಯೂಯಾರ್ಕಿನ ಲಗಾರ್ಡಿಯಾ ವಿಮಾನ ನಿಲ್ದಾಣದಲ್ಲಿ ಮಯಾಮಿಯಿಂದ ಬಂದ ಒಬ್ಬ ಪ್ರಯಾಣಿಕನ ಸೂಟ್‌ಕೇಸುಗಳನ್ನು ಅಧಿಕಾರಿಗಳು ತೆಗೆದುಕೊಂಡು, ಬೇರೆ ನಿಲ್ದಾಣಕ್ಕೆ ಒಯ್ದು ನಾಯಿಗೆ ಮೂಸಿಸಿದರು. ಅದು ಪ್ಲೇಸ್ ಪ್ರಕರಣ, 1983. ನಾಯಿ ಮೂಸುವುದು ನಾಲ್ಕನೇ ತಿದ್ದುಪಡಿಯ ಅರ್ಥದಲ್ಲಿ ಶೋಧವಲ್ಲ ಎಂದು ಕೋರ್ಟ್ ಆಗ ಹೇಳಿತು. ಮೂಸುವಾಗ ಪೆಟ್ಟಿಗೆ ತೆರೆಯುವುದಿಲ್ಲ, ಒಳಗಿನ ಬಟ್ಟೆಬರೆ ಹೊರಗೆ ಬರುವುದಿಲ್ಲ, ನಿಷಿದ್ಧ ವಸ್ತು ಇದೆಯೋ ಇಲ್ಲವೋ ಎಂಬುದೊಂದೇ ಗೊತ್ತಾಗುತ್ತದೆ ಎಂಬುದು ವಾದ. ಆದರೂ ಆ ಪ್ರಕರಣದಲ್ಲಿ ಪುರಾವೆ ಬಿದ್ದುಹೋಯಿತು. ಸಾಮಾನನ್ನು ತೊಂಬತ್ತು ನಿಮಿಷ ಹಿಡಿದಿಟ್ಟುಕೊಂಡಿದ್ದೇ ಅತಿಯಾಯಿತು ಎಂದಿತು ಕೋರ್ಟ್. ಗಡಿಯಾರದ ಪ್ರಶ್ನೆ ಆಗಲೇ ಶುರುವಾಗಿತ್ತು ನೋಡಿ.

ರಸ್ತೆಗೆ ಈ ನಿಯಮವನ್ನು ತಂದಿದ್ದು 2005ರ ಕಬಾಯೆಸ್ ಪ್ರಕರಣ. ಇಲಿನಾಯ್ ರಾಜ್ಯದ 80ನೇ ನಂಬರಿನ ಹೆದ್ದಾರಿಯಲ್ಲಿ 65 ಮೈಲಿಯ ಮಿತಿ ಇರುವ ಕಡೆ ಒಬ್ಬಾತ 71 ಮೈಲಿ ವೇಗದಲ್ಲಿ ಹೋಗುತ್ತಿದ್ದ. ಒಬ್ಬ ಪೊಲೀಸ್ ನಿಲ್ಲಿಸಿ ಎಚ್ಚರಿಕೆ ಚೀಟಿ ಬರೆಯುತ್ತಿದ್ದ. ರೇಡಿಯೊದಲ್ಲಿ ಇದನ್ನು ಕೇಳಿಸಿಕೊಂಡ ಇನ್ನೊಬ್ಬ ಪೊಲೀಸ್, ಯಾರೂ ಕರೆಯದಿದ್ದರೂ ನಾಯಿ ತಂದ. ಚೀಟಿ ಬರೆದು ಮುಗಿಯುವ ಮೊದಲೇ ನಾಯಿ ಡಿಕ್ಕಿಯ ಹತ್ತಿರ ಸೂಚನೆ ಕೊಟ್ಟಿತು. ಒಳಗೆ ಗಾಂಜಾ ಇತ್ತು. ನಿಲ್ಲಿಸಿದ್ದರಿಂದ ಬಂಧನದವರೆಗೆ ಎಲ್ಲ ಸೇರಿ ಹತ್ತು ನಿಮಿಷವೂ ಆಗಿರಲಿಲ್ಲ. ಶಿಕ್ಷೆ ಮಾತ್ರ ಹನ್ನೆರಡು ವರ್ಷ. ಸುಪ್ರೀಂ ಕೋರ್ಟ್ 6-2 ಬಹುಮತದಲ್ಲಿ ಪೊಲೀಸರ ಪರ ನಿಂತಿತು. ನಿಲ್ಲಿಸಿದ್ದು ನ್ಯಾಯವಾಗಿತ್ತು, ನಾಯಿಯಿಂದ ಸಮಯ ಹೆಚ್ಚಾಗಲಿಲ್ಲ, ನಿಷಿದ್ಧ ವಸ್ತುವನ್ನು ಗುಟ್ಟಾಗಿ ಇಟ್ಟುಕೊಳ್ಳುವ ಹಕ್ಕು ಯಾರಿಗೂ ಇಲ್ಲ ಎಂಬುದು ಬಹುಮತದ ಮಾತು. ಭಿನ್ನಮತ ಬರೆದ ನ್ಯಾಯಮೂರ್ತಿ ಸೌಟರ್, ತಪ್ಪೇ ಮಾಡದ ನಾಯಿ ಎಂಬುದು ಕಾನೂನಿನ ಕಲ್ಪನೆ ಮಾತ್ರ ಎಂದು ಎಚ್ಚರಿಸಿದರು.

ಈ ತರ್ಕವನ್ನು ಹೀಗೆ ಹಿಡಿಯಬಹುದು. ಬೀದಿಯಲ್ಲಿ ಹೋಗುವವರ ಮೂಗಿಗೆ ನಿಮ್ಮ ಮನೆಯ ಒಗ್ಗರಣೆ ವಾಸನೆ ಬಡಿದರೆ, ಅವರು ಅಡುಗೆಮನೆಗೆ ನುಗ್ಗಿದರು ಎನ್ನಲಾಗುವುದಿಲ್ಲ. ಆದರೆ ಅವರೇ ಜಗಲಿ ಹತ್ತಿ ಬಾಗಿಲ ಸಂದಿಗೆ ಮೂಗು ಇಟ್ಟರೆ ಸುಮ್ನೆ ಬಿಡುತ್ತೀರಾ? 2013ರ ಹಾರ್ಡೀನೆಸ್ ಪ್ರಕರಣದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. ಫ್ಲಾರಿಡಾದ ಪೊಲೀಸರು ಫ್ರಾಂಕಿ ಎಂಬ ನಾಯಿಯನ್ನು ಒಂದು ಮನೆಯ ಮುಂಬಾಗಿಲ ತನಕ ಒಯ್ದು ಮೂಸಿಸಿದ್ದರು. ಅದು ಶೋಧವೇ ಎಂದು ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು.

ಕಾರಿಗೂ ಇಂಥ ಗೆರೆ ಇದೆಯಾ? ಐಡಹೊ ರಾಜ್ಯದ ಸುಪ್ರೀಂ ಕೋರ್ಟ್ ಇದೆ ಎನ್ನುತ್ತದೆ. ನಾಯಿ ಕಾರಿನ ಮೇಲೆ ಮುಂಗಾಲಿಟ್ಟು ನಿಂತು ಮೂಸಿದ್ದು ಶೋಧವಾಯಿತು ಎಂದು 2023ರಲ್ಲಿ ಅದು ತೀರ್ಪು ಕೊಟ್ಟಿದೆ. ಸುತ್ತಲಿನ ಗಾಳಿ ಮೂಸುವುದು ಬೇರೆ, ಕಾರನ್ನೇ ಮುಟ್ಟುವುದು ಬೇರೆ ಎಂಬುದು ಅದರ ನಿಲುವು. ಈ ತೀರ್ಪು ಐಡಹೊಗೆ ಸೀಮಿತ.

ಬರೀ ಡ್ರಗ್ಸ್ ಹುಡುಕಲೆಂದು ರಸ್ತೆಗೆ ಅಡ್ಡಗಟ್ಟೆ ಹಾಕಿ ಬಂದ ಕಾರನ್ನೆಲ್ಲ ನಾಯಿಗೆ ಮೂಸಿಸುವಂತೆಯೂ ಇಲ್ಲ. ಇಂಡಿಯಾನಾಪೊಲಿಸ್ ನಗರ ಹಾಗೆ ಮಾಡಿತ್ತು. 2000ದಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಪ್ಪು ಎಂದಿತು. ಕುಡಿದು ಓಡಿಸುವವರನ್ನು ಹಿಡಿಯುವ ತಪಾಸಣೆಗೂ ಮೆಕ್ಸಿಕೊ ಗಡಿಯ ಹತ್ತಿರದ ವಲಸೆ ತಪಾಸಣೆಗೂ ನಿಯಮ ಬೇರೆ. ಅಂಥ ಕಟ್ಟೆಗಳಲ್ಲಿ ನಾಯಿಗಳೂ ಇರುತ್ತವೆ. ಟೆಕ್ಸಾಸ್, ಅರಿಜೋನಾದ ದಕ್ಷಿಣ ಭಾಗದಲ್ಲಿ ಓಡಾಡುವವರಿಗೆ ಇದು ಗೊತ್ತಿರಲಿ.

## ಏಳೆಂಟು ನಿಮಿಷದ ಪ್ರಕರಣ

ಕಬಾಯೆಸ್ ತೀರ್ಪಿನ ನಂತರ ಒಂದು ಪ್ರಶ್ನೆ ಉಳಿಯಿತು. ಚೀಟಿ ಕೊಟ್ಟು ಮುಗಿದ ಮೇಲೆ, 'ಸ್ವಲ್ಪ ಇರಿ, ನಾಯಿ ಬರಲಿ' ಎಂದರೆ? ಐದು ಹತ್ತು ನಿಮಿಷ ತಾನೇ, ಏನು ಮಹಾ ಎಂದು ಕೆಳಗಿನ ಎಷ್ಟೋ ಕೋರ್ಟುಗಳು ಬಿಟ್ಟುಬಿಡುತ್ತಿದ್ದವು.

ಉತ್ತರ ಬಂದದ್ದು ನೆಬ್ರಾಸ್ಕದ ಒಂದು ಹೆದ್ದಾರಿಯಿಂದ. 2012ರ ಮಾರ್ಚ್ 27, ಮಧ್ಯರಾತ್ರಿ ದಾಟಿದೆ. ಒಂದು ಎಸ್‌ಯುವಿ ಒಂದೆರಡು ಸೆಕೆಂಡು ರಸ್ತೆಯ ಅಂಚಿಗೆ ಸರಿದು ಮತ್ತೆ ಒಳಗೆ ಬಂತು. ಗುಂಡಿ ತಪ್ಪಿಸಲು ಹಾಗೆ ಮಾಡಿದೆ ಎಂದ ಡ್ರೈವರ್. ನಿಲ್ಲಿಸಿದ ಪೊಲೀಸನ ಗಾಡಿಯಲ್ಲೇ ಫ್ಲಾಯ್ಡ್ ಎಂಬ ನಾಯಿ ಇತ್ತು. ಆತ ಲೈಸೆನ್ಸ್, ನೋಂದಣಿ, ಇನ್ಶೂರೆನ್ಸ್ ಎಲ್ಲ ನೋಡಿದ. ಪಕ್ಕದಲ್ಲಿದ್ದವನನ್ನೂ ವಿಚಾರಿಸಿದ. ಎಚ್ಚರಿಕೆ ಚೀಟಿ ಬರೆದು, ವಿವರಿಸಿ, ಕಾಗದಗಳನ್ನೆಲ್ಲ ವಾಪಸ್ ಕೊಟ್ಟಾಗ 12 ಗಂಟೆ 27 ಅಥವಾ 28 ನಿಮಿಷ.

ಆಮೇಲೆ ಕೇಳಿದ: ಕಾರಿನ ಸುತ್ತ ನಾಯಿ ಓಡಾಡಿಸಲಾ? ಡ್ರೈವರ್ ಬೇಡ ಎಂದ. ಪೊಲೀಸ್ ಅವನನ್ನು ಕೆಳಗಿಳಿಸಿ ನಿಲ್ಲಿಸಿ, ಇನ್ನೊಬ್ಬ ಅಧಿಕಾರಿ ಬರುವವರೆಗೆ ಕಾದ. 12.33ಕ್ಕೆ ಅವರು ಬಂದರು. ನಾಯಿ ಎರಡನೇ ಸುತ್ತಿನ ನಡುವೆ ಸೂಚನೆ ಕೊಟ್ಟಿತು. ಕಾರಿನಲ್ಲಿ ದೊಡ್ಡ ಚೀಲದ ತುಂಬ ಮೆಥ್ ಎಂಬ ಮಾದಕ ವಸ್ತು ಸಿಕ್ಕಿತು. ಚೀಟಿ ಕೊಟ್ಟಲ್ಲಿಂದ ನಾಯಿಯ ಸೂಚನೆಯವರೆಗೆ ಏಳೆಂಟು ನಿಮಿಷ.

2015ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ 6-3ರಲ್ಲಿ ತೀರ್ಪು ಕೊಟ್ಟಿತು, ಬರೆದವರು ನ್ಯಾಯಮೂರ್ತಿ ಗಿನ್ಸ್‌ಬರ್ಗ್. ಇದನ್ನು ರಾಡ್ರಿಗೆಜ್ ತೀರ್ಪು ಎನ್ನುತ್ತಾರೆ. ಟ್ರಾಫಿಕ್ ತಡೆಗೆ ಒಂದು ಕೆಲಸ ಇದೆ: ನಿಯಮ ಮುರಿದದ್ದಕ್ಕೆ ಚೀಟಿ ಕೊಡುವುದು, ಲೈಸೆನ್ಸ್ ಮತ್ತು ಕಾಗದಪತ್ರ ನೋಡುವುದು, ಬಾಕಿ ವಾರಂಟ್ ಇದೆಯಾ ಎಂದು ಪರೀಕ್ಷಿಸುವುದು. ಆ ಕೆಲಸ ಮುಗಿದಾಗ, ಅಥವಾ ಮುಗಿಯಬೇಕಾಗಿದ್ದಾಗ, ತಡೆಯುವ ಅಧಿಕಾರವೂ ಮುಗಿಯಿತು. ಡ್ರಗ್ಸ್ ಹುಡುಕುವುದು ಆ ಕೆಲಸದ ಭಾಗವಲ್ಲ. ಅದರಿಂದ ಎಷ್ಟು ಚಿಕ್ಕ ಹೊತ್ತು ಹೆಚ್ಚಾದರೂ, ಆಧಾರವಿರುವ ಅನುಮಾನ (ರೀಸನಬಲ್ ಸಸ್ಪಿಶನ್) ಇಲ್ಲದಿದ್ದರೆ ಅದು ತಪ್ಪು.

'ಮುಗಿಯಬೇಕಾಗಿದ್ದಾಗ' ಎಂಬ ಮಾತನ್ನು ಗಮನಿಸಿ. ನಾಯಿ ಬರಲಿ ಎಂದು ಬೇಕಂತಲೇ ಚೀಟಿಯನ್ನು ನಿಧಾನವಾಗಿ ಬರೆಯುವ ದಾರಿಯನ್ನೂ ಅದು ಮುಚ್ಚುತ್ತದೆ. ಹಾಗಾಗಿ ಈಗ ಇಂಥ ಮೊಕದ್ದಮೆಗಳಲ್ಲಿ ಪೊಲೀಸ್ ಗಾಡಿಯ ಕ್ಯಾಮೆರಾ ದೃಶ್ಯಕ್ಕೂ ಕಂಟ್ರೋಲ್ ರೂಮಿನ ದಾಖಲೆಗೂ ಬಹಳ ಬೆಲೆ. ಎಷ್ಟು ಹೊತ್ತಿಗೆ ಕಂಪ್ಯೂಟರಿನಲ್ಲಿ ಲೈಸೆನ್ಸ್ ನೋಡಿದರು, ಎಷ್ಟು ಹೊತ್ತಿಗೆ ನಾಯಿ ಕರೆಸಿದರು, ನಡುವೆ ಏನೇನು ಕೇಳಿದರು ಎಂದು ವಕೀಲರು ಸೆಕೆಂಡು ಲೆಕ್ಕದಲ್ಲಿ ನೋಡುತ್ತಾರೆ.

ಇಷ್ಟೆಲ್ಲ ಗೆದ್ದರೂ ಆ ಡ್ರೈವರ್ ಬಿಡುಗಡೆಯಾಗಲಿಲ್ಲ. ಘಟನೆ ನಡೆದ ಹೊತ್ತಿಗೆ ಆ ಭಾಗದ ಕೋರ್ಟುಗಳು ಅಂಥ ಸಣ್ಣ ವಿಳಂಬವನ್ನು ಒಪ್ಪುತ್ತಿದ್ದವು, ಪೊಲೀಸ್ ಅದನ್ನು ನಂಬಿ ನಡೆದಿದ್ದ ಎಂಬ ಕಾರಣಕ್ಕೆ ಪುರಾವೆ ಉಳಿಯಿತು, ಐದು ವರ್ಷದ ಶಿಕ್ಷೆಯೂ ಉಳಿಯಿತು. ಅವನ ಪ್ರಕರಣದಿಂದ ಹುಟ್ಟಿದ ರಕ್ಷಣೆ ಅವನ ನಂತರದವರಿಗೆ ಸಿಕ್ಕಿತು.

## ನಾಯಿಯ ಮಾತನ್ನು ಎಷ್ಟು ನಂಬಬೇಕು?

ಈ ಕೆಲಸಕ್ಕೆ ಹೆಚ್ಚಾಗಿ ಬೆಲ್ಜಿಯನ್ ಮ್ಯಾಲಿನ್ವಾ, ಜರ್ಮನ್ ಶೆಫರ್ಡ್, ಲ್ಯಾಬ್ರಡಾರ್ ನಾಯಿಗಳನ್ನು ಪಳಗಿಸುತ್ತಾರೆ. ವಾಸನೆ ಸಿಕ್ಕಿದಾಗ ಕೆಲವು ನಾಯಿಗಳು ಕೂತುಬಿಡುತ್ತವೆ, ಕೆಲವು ಕೆರೆಯುತ್ತವೆ. ಪ್ರತಿಫಲವಾಗಿ ಚೆಂಡೋ ಟವೆಲ್ಲೋ ಸಿಗುತ್ತದೆ. ನಾಯಿ ಹಿಡಿಯುವುದು ವಾಸನೆಯನ್ನು, ವಸ್ತುವನ್ನಲ್ಲ. ನಿನ್ನೆ ಕಾರಿನಲ್ಲಿ ಇದ್ದು ಇವತ್ತು ಇಲ್ಲದ ವಸ್ತುವಿನ ವಾಸನೆಗೂ ಅದು ಕೂರಬಹುದು. ಹಳೇ ಕಾರು ಕೊಂಡವರು ಇದನ್ನು ನೆನಪಿಟ್ಟುಕೊಳ್ಳಬೇಕು.

ಫ್ಲಾರಿಡಾದ ಆಲ್ಡೊ ಎಂಬ ನಾಯಿಯ ಕಥೆ ಕೇಳಿ. ಅದು ಒಂದು ಟ್ರಕ್ಕಿನ ಬಾಗಿಲ ಹಿಡಿ ಮೂಸಿ ಸೂಚನೆ ಕೊಟ್ಟಿತು. ಒಳಗೆ ಸಿಕ್ಕಿದ್ದು ಮೆಥ್ ತಯಾರಿಸುವ ಕಚ್ಚಾ ಸಾಮಾನು: 200 ಮಾತ್ರೆ, 8,000 ಬೆಂಕಿಕಡ್ಡಿ. ಇವು ಯಾವುವೂ ಆಲ್ಡೊ ಕಲಿತ ವಾಸನೆಗಳಲ್ಲ. ಅದೇ ಮನುಷ್ಯ ಜಾಮೀನಿನ ಮೇಲೆ ಹೊರಗಿದ್ದಾಗ ಮತ್ತೆ ನಿಲ್ಲಿಸಿದರು. ಆಲ್ಡೊ ಮತ್ತೆ ಸೂಚನೆ ಕೊಟ್ಟಿತು. ಆ ಸಲ ಏನೂ ಸಿಗಲಿಲ್ಲ. ಆದರೂ 2013ರಲ್ಲಿ ಸುಪ್ರೀಂ ಕೋರ್ಟ್ ಒಮ್ಮತದಿಂದ ಪೊಲೀಸರ ಪರ ತೀರ್ಪು ಕೊಟ್ಟಿತು. ಸರಿಯಾದ ತರಬೇತಿ, ಪ್ರಮಾಣಪತ್ರ ಇರುವ ನಾಯಿಯ ಸೂಚನೆಯನ್ನು ಸಾಮಾನ್ಯವಾಗಿ ನಂಬಬಹುದು, ಆದರೆ ಆರೋಪಿಗೆ ಅದನ್ನು ಪ್ರಶ್ನಿಸುವ ಅವಕಾಶ ಇರಬೇಕು ಎಂದಿತು.

ಪ್ರಶ್ನಿಸಲು ಕಾರಣಗಳೂ ಇವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 18 ನಾಯಿಗಳು ತಮ್ಮ ತಮ್ಮ ಪೊಲೀಸರ ಜೊತೆ ಭಾಗವಹಿಸಿದ್ದವು. ಹುಡುಕಿದ ಜಾಗದಲ್ಲಿ ಡ್ರಗ್ಸೂ ಇರಲಿಲ್ಲ, ಸ್ಫೋಟಕವೂ ಇರಲಿಲ್ಲ. ಇರಬಹುದು ಎಂದು ನಾಯಿ ಹಿಡಿದವರಿಗೆ ಮಾತ್ರ ಹೇಳಿದ್ದರು. 144 ಸುತ್ತುಗಳಲ್ಲಿ 21ರಲ್ಲಿ ಮಾತ್ರ ತಪ್ಪು ಸೂಚನೆ ಬರಲಿಲ್ಲ. ಯಜಮಾನನ ನಿರೀಕ್ಷೆಯನ್ನು ನಾಯಿ ಅವನ ನಡೆ, ನೋಟದಿಂದ ಓದುತ್ತಿರಬಹುದು, ಅಥವಾ ಯಜಮಾನನೇ ಇಲ್ಲದ ಸೂಚನೆಯನ್ನು ಕಾಣುತ್ತಿರಬಹುದು. ಪೊಲೀಸ್ ತರಬೇತುದಾರರು ಈ ಅಧ್ಯಯನದ ರೀತಿಯನ್ನೇ ಒಪ್ಪುವುದಿಲ್ಲ. ಆದರೆ ಅದೇ ವರ್ಷ ಶಿಕಾಗೊ ಟ್ರಿಬ್ಯೂನ್ ಪತ್ರಿಕೆ ಸುತ್ತಲಿನ ಊರುಗಳ ಮೂರು ವರ್ಷದ ದಾಖಲೆ ತೆಗೆದು ನೋಡಿತು. ನಾಯಿ ಸೂಚಿಸಿದ ಕಾರುಗಳಲ್ಲಿ 44 ಶೇಕಡಾದಲ್ಲಿ ಮಾತ್ರ ಡ್ರಗ್ಸ್ ಅಥವಾ ಅದರ ಸಾಮಗ್ರಿ ಸಿಕ್ಕಿತ್ತು. ಲ್ಯಾಟಿನೊ, ಅಂದರೆ ಲ್ಯಾಟಿನ್ ಅಮೆರಿಕ ಮೂಲದ, ಡ್ರೈವರುಗಳ ಕಾರುಗಳಲ್ಲಿ ಅದು 27 ಶೇಕಡಾ. ನಾಯಿಗೆ ಜನರ ಬಣ್ಣ ಗೊತ್ತಿಲ್ಲ. ನಾಯಿ ಹಿಡಿದವರಿಗೆ ಗೊತ್ತಿರುತ್ತದೆ. ಬಣ್ಣದಿಂದಲೇ ಬೇರೆಯಾಗಿ ಕಾಣುವ ನಮ್ಮವರು ಈ ಅಂಕಿಯನ್ನು ಹಗುರವಾಗಿ ತೆಗೆದುಕೊಳ್ಳಬಾರದು.

## ಗಾಂಜಾ ತಂದ ಗೊಂದಲ

ನಿಷಿದ್ಧ ವಸ್ತುವನ್ನು ಮಾತ್ರ ತೋರಿಸುತ್ತದೆ ಎಂಬ ನಂಬಿಕೆಯ ಮೇಲೆ ನಾಯಿಯ ಕಾನೂನು ನಿಂತಿತ್ತು. ಈಗ ಎಷ್ಟೋ ರಾಜ್ಯಗಳಲ್ಲಿ ವಯಸ್ಕರು ಸ್ವಲ್ಪ ಗಾಂಜಾ ಇಟ್ಟುಕೊಳ್ಳಬಹುದು. ನಾಯಿಗೆ ಕಾನೂನು ಬದಲಾದದ್ದು ಗೊತ್ತಾಗುವುದಿಲ್ಲ. ಒಂದೇ ಒಂದು ಗ್ರಾಮ್ ಇದ್ದರೂ ಕೂರುತ್ತದೆ, ಕೊಕೇನ್ ಇದ್ದರೂ ಹಾಗೇ ಕೂರುತ್ತದೆ. ಕೊಲರಾಡೊದ ಸುಪ್ರೀಂ ಕೋರ್ಟ್ 2019ರಲ್ಲಿ ಕಿಲೊ ಎಂಬ ನಾಯಿಯ ಪ್ರಕರಣದಲ್ಲಿ ಇದನ್ನೇ ಎತ್ತಿಕೊಂಡಿತು. ಗಾಂಜಾ ಕಲಿತ ನಾಯಿಯಿಂದ ಮೂಸಿಸುವುದು ತಮ್ಮ ರಾಜ್ಯದ ಸಂವಿಧಾನದ ಪ್ರಕಾರ ಶೋಧವೇ, ಅದಕ್ಕೆ ಮೊದಲೇ ಗಟ್ಟಿ ಕಾರಣ ಬೇಕು ಎಂದಿತು.

ರಾಜ್ಯಗಳು ಹೀಗೆ ಹೆಚ್ಚಿನ ರಕ್ಷಣೆ ಕೊಡಬಹುದು, ಕಡಿಮೆ ಕೊಡುವಂತಿಲ್ಲ. ಮಿನೆಸೊಟ, ಪೆನ್ಸಿಲ್ವೇನಿಯಾಗಳಲ್ಲಿ ಕಾರಿನ ಸುತ್ತ ನಾಯಿ ಸುತ್ತಿಸಲೂ ಆಧಾರವಿರುವ ಅನುಮಾನ ಬೇಕು. ಅಂದರೆ ನೀವು ಯಾವ ರಾಜ್ಯದ ರಸ್ತೆಯಲ್ಲಿದ್ದೀರಿ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

## ನೀವೇ ಒಪ್ಪಿಕೊಂಡರೆ

ಮೇಲೆ ಹೇಳಿದ ರಕ್ಷಣೆಗಳೆಲ್ಲ ಒಂದೇ ಮಾತಿಗೆ ಮಾಯವಾಗಬಹುದು. ಕಾರು ನೋಡಬಹುದಾ ಎಂದು ಪೊಲೀಸ್ ಕೇಳಿದಾಗ ನೀವು ಸರಿ ಎಂದರೆ ವಾರಂಟೂ ಬೇಡ, ಕಾರಣವೂ ಬೇಡ, ನಾಯಿಯೂ ಬೇಡ. ಬೇಡ ಎನ್ನುವ ಹಕ್ಕು ನಿಮಗಿದೆ ಎಂದು ಅವರು ಹೇಳಬೇಕಾಗಿಲ್ಲ, 1973ರಿಂದ ಕಾನೂನು ಹೀಗೇ ಇದೆ. 'ಇನ್ನು ನೀವು ಹೋಗಬಹುದು' ಎಂದು ಹೇಳಿದ ಮೇಲೆಯೇ ಕೇಳಬೇಕು ಎಂದೂ ಇಲ್ಲ.

ಪೊಲೀಸರ ಮುಂದೆ ಇಲ್ಲ ಅನ್ನುವುದು ನಮ್ಮವರಿಗೆ ಕಷ್ಟ. ಸುಮ್ನೆ ಯಾಕೆ ಎದುರು ಮಾತು, ಏನೂ ಇಲ್ಲವಲ್ಲ, ನೋಡಿಕೊಳ್ಳಲಿ ಎಂದುಕೊಳ್ಳುತ್ತಾರೆ. ಶಾಂತವಾಗಿ, ಮರ್ಯಾದೆಯಿಂದ 'ಐ ಡೋಂಟ್ ಕನ್ಸೆಂಟ್ ಟು ಎ ಸರ್ಚ್' ಎಂದು ಹೇಳುವುದು ಅಪರಾಧವಲ್ಲ. ಬರೀ ನಿರಾಕರಣೆಯನ್ನೇ ಅನುಮಾನಕ್ಕೆ ಆಧಾರ ಮಾಡಿಕೊಳ್ಳುವಂತೆಯೂ ಇಲ್ಲ. ಆದರೆ ಲೈಸೆನ್ಸ್, ಕಾಗದಪತ್ರ ಕೇಳಿದರೆ ಕೊಡಲೇಬೇಕು. ಕಾರಿನಿಂದ ಇಳಿಯಿರಿ ಎಂದರೆ ಇಳಿಯಬೇಕು. ಬೇಡ ಎಂದರೂ ಹುಡುಕಿದರೆ ಅಡ್ಡ ನಿಲ್ಲಬಾರದು, ಸುಳ್ಳು ಹೇಳಬಾರದು. ಆ ಜಗಳ ಆಡುವ ಜಾಗ ಕೋರ್ಟು. ಬೇಡ ಎಂದಿದ್ದು ಕ್ಯಾಮೆರಾದಲ್ಲಿ ದಾಖಲಾಗಿದ್ದರೆ ಅಲ್ಲಿ ಕೆಲಸಕ್ಕೆ ಬರುತ್ತದೆ.

## ಭಾರತದಲ್ಲಿ ಹೇಗೆ?

ನಮ್ಮಲ್ಲಿ ಲೆಕ್ಕ ಬೇರೆ. ಅಕ್ರಮವಾಗಿ ಶೋಧಿಸಿ ತಂದ ಪುರಾವೆ ಎಂಬ ಒಂದೇ ಕಾರಣಕ್ಕೆ ಭಾರತದ ಕೋರ್ಟುಗಳು ಅದನ್ನು ಹೊರಹಾಕುವುದಿಲ್ಲ. ಸುಪ್ರೀಂ ಕೋರ್ಟ್ 1973ರಲ್ಲಿ ಪೂರನ್ ಮಲ್ ಪ್ರಕರಣದಲ್ಲಿ ಹೀಗೆ ಹೇಳಿದೆ. ಮಾದಕ ವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 50ನೇ ಕಲಂ ಮಾತ್ರ ಕಟ್ಟುನಿಟ್ಟು: ಮೈ ಶೋಧಿಸುವ ಮೊದಲು, ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಮುಂದೆ ಶೋಧ ನಡೆಯಲಿ ಎಂದು ಕೇಳುವ ಹಕ್ಕು ನಿಮಗಿದೆ ಎಂದು ಅಧಿಕಾರಿ ತಿಳಿಸಬೇಕು. ವಾಹನಕ್ಕೂ ಬ್ಯಾಗಿಗೂ ಈ ಕಲಂ ಅನ್ವಯಿಸುವುದಿಲ್ಲ.

## ವೀಸಾದ ಮೇಲೆ ಇರುವವರಿಗೆ

ಎಫ್-1 (ವಿದ್ಯಾರ್ಥಿ), ಎಚ್-1ಬಿ (ಉದ್ಯೋಗ) ವೀಸಾದವರಿಗೆ, ಗ್ರೀನ್ ಕಾರ್ಡ್ ಇದ್ದವರಿಗೂ, ನಾಯಿ ಕೂತ ನಂತರದ ಪರಿಣಾಮ ಅಮೆರಿಕದ ಪ್ರಜೆಗಳಿಗಿಂತ ಭಾರಿ. ರಾಜ್ಯದ ಕಾನೂನು ಅನುಮತಿ ಕೊಟ್ಟರೂ ಕೇಂದ್ರದ ಕಾನೂನಿನಲ್ಲಿ ಗಾಂಜಾ ಈಗಲೂ ನಿಯಂತ್ರಿತ ಮಾದಕ ವಸ್ತುಗಳ ಪಟ್ಟಿಯಲ್ಲೇ ಇದೆ, ವಲಸೆ ಕಾನೂನು ಕೇಂದ್ರದ್ದು. ಡ್ರಗ್ಸ್ ಅಪರಾಧ ಸಾಬೀತಾದರೆ ಗಡೀಪಾರು ಆಗಬಹುದು. ಸ್ವಂತ ಬಳಕೆಗೆ 30 ಗ್ರಾಮ್ ಮೀರದ ಗಾಂಜಾ ಇಟ್ಟುಕೊಂಡ ಒಂದು ಸಲದ ಅಪರಾಧಕ್ಕೆ ಮಾತ್ರ ಗಡೀಪಾರಿನಿಂದ ವಿನಾಯಿತಿ ಇದೆ. ಹೊರಗೆ ಹೋಗಿ ಮತ್ತೆ ದೇಶದೊಳಗೆ ಬರುವಾಗಿನ ನಿಯಮ ಇನ್ನೂ ಬಿಗಿ. ಅಲ್ಲಿ ಅಪರಾಧ ಸಾಬೀತಾಗಿರಲೇಬೇಕೆಂದಿಲ್ಲ, ಮಾಡಿದ್ದೆ ಎಂದು ಒಪ್ಪಿಕೊಂಡಿದ್ದೂ ತೊಡಕಾಗಬಹುದು.

ಹಾಗಾಗಿ 'ತಪ್ಪೊಪ್ಪಿಕೊಂಡು ಸಣ್ಣ ದಂಡ ಕಟ್ಟಿ ಮುಗಿಸಿಬಿಡಿ' ಎಂಬ ಸಲಹೆ ಬಂದರೆ ತಕ್ಷಣ ಸಹಿ ಹಾಕಬಾರದು. ರಾಜ್ಯದ ಕೋರ್ಟು ಆಮೇಲೆ ಪ್ರಕರಣ ವಜಾ ಮಾಡಿದರೂ, ತಪ್ಪೊಪ್ಪಿಗೆಯ ಜೊತೆ ದಂಡವೋ ಪ್ರೊಬೇಶನ್ನೋ ಇದ್ದರೆ ವಲಸೆ ಇಲಾಖೆ ಅದನ್ನು ಅಪರಾಧ ಸಾಬೀತಾದಂತೆಯೇ ಎಣಿಸಬಹುದು. ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದ್ದರೆ ಅದನ್ನು ಕಕ್ಷಿದಾರರಿಗೆ ತಿಳಿಸುವುದು ಕ್ರಿಮಿನಲ್ ವಕೀಲರ ಕರ್ತವ್ಯ ಎಂದು 2010ರ ಪಡಿಯಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮೊದಲ ಭೇಟಿಯಲ್ಲೇ ನಿಮ್ಮ ವೀಸಾ ಯಾವುದು ಎಂದು ಅವರಿಗೆ ಹೇಳಿ. ಅವರು ಕೇಳಲಿ ಎಂದು ಕಾಯಬೇಡಿ.